ದಿಣ್ಣೆ ಹತ್ತಿದ ನೀರು

ನೀರು ತಗ್ಗಿನತ್ತ ಹರಿಯುವುದು ಅದರ ಸ್ವಭಾವ. ಘಟಪ್ರಭೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿದ ಆ ಹೊಳೆ ಗೋಕಾಕದ ಬಳಿ ಸುಮಾರು 52 ಮೀಟರುಗಳಷ್ಟು ಆಳಕ್ಕೆ ಧುಮುಕಿ, ಮೂಡಣ ದಿಕ್ಕಿಗೆ ಸಾಗಿ, ಕೊನೆಗೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಅದು ಹಿಂದಿರುಗಿ ಬಂಡೆಯನ್ನೇರಿದ್ದನ್ನು ಕಂಡವರಿಲ್ಲ.

ವಿದ್ಯೆಯೂ ಹೀಗೆಯೇ ಎತ್ತರದಿಂದ ತಗ್ಗಿಗೆ ಹರಿಯುವ ವಸ್ತುವೆಂದು ನಾವು ಬಹುಕಾಲ ನಂಬಿದ್ದೆವು. ಅದಕ್ಕೆ ಕಾರಣವೂ ಇತ್ತು. 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ತಲೆಯೆತ್ತಿದಾಗ ಅದರ ಯಂತ್ರಗಳು ಹಡಗಿನಲ್ಲಿ ಬಂದವು. ರೈಲು, ತಂತಿ, ಮುದ್ರಣಯಂತ್ರ, ಸೂಜಿಮದ್ದು ಇವೆಲ್ಲ ಸಮುದ್ರದಾಚೆಯಿಂದ ಮೊದಲು ಮುಂಬಯಿಗೆ, ಅಲ್ಲಿಂದ ಬೆಳಗಾವಿಗೆ, ಅಲ್ಲಿಂದ ಗೋಕಾಕಕ್ಕೆ ಬಂದು, ಉಳಿದದ್ದೇನಾದರೂ ಇದ್ದರೆ ನಮ್ಮ ಕುಲಗೋಡಕ್ಕೆ ತಲುಪುತ್ತಿದ್ದವು. ನಮ್ಮ ಊರಿನಿಂದ ಹೊರಕ್ಕೆ ಹೋದದ್ದೆಂದರೆ ಜೋಳ, ಹತ್ತಿ ಮತ್ತು ಪಾರಿಜಾತ. ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟವನ್ನು ತಿದ್ದಿ ಬೆಳೆಸಿ ಉತ್ತರ ಕರ್ನಾಟಕದ ತುಂಬ ಮೆರೆಸಿದ ಕೀರ್ತಿ ಕುಲಗೋಡ ತಮ್ಮಣ್ಣನದು. ಆದರೆ ಅದು ಕಲೆಯ ಮಾತಾಯಿತು. ಒಂದು ಯಂತ್ರವೋ ಒಂದು ಔಷಧವೋ ಬಡವರ ನಾಡಿನಲ್ಲಿ ರೂಪುಗೊಂಡು ಸಿರಿವಂತರ ನಾಡಿಗೆ ಹೋಗಬಲ್ಲುದೆಂದು ನಾನು ಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಯಾರಾದರೂ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು.

1979ರ ಬೇಸಿಗೆಯ ಒಂದು ರಾತ್ರಿ ನಮ್ಮ ತಂದೆಯವರಿಗೆ ಎದೆ ನೋಯತೊಡಗಿತು. ಹಗಲೆಲ್ಲ ಹೊಲದಲ್ಲಿ ದುಡಿದು ಬಂದಿದ್ದರು. ನೆರೆಯವರು ಸೇರಿದರು. “ವಾಯು ಹಿಡದೇತಿ, ಬಿಸಿನೀರಾಗ ಅಜವಾನ ಹಾಕಿ ಕುಡಸ್ರಿ” ಎಂದರು ಒಬ್ಬರು. ಊರಿನಲ್ಲಿದ್ದ ವೈದ್ಯರು ಕರೆದ ಕೂಡಲೇ ಬಂದರು, ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ಅನಂತರ ನನ್ನ ತಾಯಿಯತ್ತ ತಿರುಗಿ, “ಬಡಿತ ಕೇಳಸತೈತಿ ಯವ್ವಾ, ಆದರ ಒಳಗ ಏನ ನಡದೈತಿ ಅಂಬೂದು ನನಗ ಕಾಣಸೂದಿಲ್ಲ. ಬೆಳಗಾವಿಗೆ ಒಯ್ಯರಿ” ಎಂದರು. ಬಾಡಿಗೆಯ ಜೀಪು ದೊರೆಯುವುದರಲ್ಲಿ ಎರಡು ತಾಸು ಕಳೆಯಿತು. ತಂದೆಯವರು ಬೆಳಗಾವಿಯನ್ನು ತಲುಪಲಿಲ್ಲ. ಆ ವೈದ್ಯರ ಮೇಲೆ ನನಗೆ ಅಂದೂ ಸಿಟ್ಟು ಬಂದಿರಲಿಲ್ಲ, ಇಂದೂ ಇಲ್ಲ. ಕಾಣದ್ದನ್ನು ಕಾಣುವುದಿಲ್ಲವೆಂದು ಹೇಳಿದ ಪ್ರಾಮಾಣಿಕರು ಅವರು. ಒಳಗಿನದನ್ನು ತೋರಿಸುವ ಯಂತ್ರ ಜಗತ್ತಿನಲ್ಲಿ ಆಗಲೇ ಮುಕ್ಕಾಲು ಶತಮಾನದಷ್ಟು ಹಳೆಯದಾಗಿತ್ತು. ಅದು ನಮ್ಮ ಊರಿಗೆ ಬಂದಿರಲಿಲ್ಲ, ಅಷ್ಟೆ.

ಆ ಯಂತ್ರದ ಕಥೆಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ನಮ್ಮ ಹೃದಯ ಒಂದೊಂದು ಸಲ ಮಿಡಿದಾಗಲೂ ಅದರ ಸ್ನಾಯುಗಳಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಸಂಚರಿಸುತ್ತದೆ. ಕೈದೀಪದ ಒಂದು ಶೆಲ್ಲಿನಲ್ಲಿ ಒಂದೂವರೆ ವೋಲ್ಟಿನಷ್ಟು ವಿದ್ಯುತ್ತಿದ್ದರೆ, ಮೈಯ ಮೇಲ್ಭಾಗದಲ್ಲಿ ದೊರೆಯುವ ಹೃದಯದ ಈ ವಿದ್ಯುತ್ತು ಒಂದು ವೋಲ್ಟಿನ ಸಾವಿರದ ಒಂದು ಪಾಲಿನಷ್ಟು ಮಾತ್ರ. ಅದನ್ನು ಹಿಡಿದು ಕಾಗದದ ಮೇಲೆ ಗೆರೆಯಾಗಿ ಮೂಡಿಸಿದರೆ ಹೃದಯದ ವಿದ್ಯುಲ್ಲೇಖ ದೊರೆಯುತ್ತದೆ. ಇದನ್ನೇ ಎಲ್ಲರೂ ಇ.ಸಿ.ಜಿ. ಎನ್ನುತ್ತಾರೆ. ಆರೋಗ್ಯವಂತನ ಗೆರೆಗೆ ಗೊತ್ತಾದ ಏರಿಳಿತವಿದೆ. ಹೃದಯಕ್ಕೆ ರಕ್ತವನ್ನೊಯ್ಯುವ ನಾಳ ಕಟ್ಟಿಕೊಂಡಾಗ ಆ ಗೆರೆ ಅನೇಕ ವೇಳೆ ಬದಲಾಗುತ್ತದೆ. ಕೆಳಗಿರಬೇಕಾದ ಭಾಗ ಮೇಲೆದ್ದು ನಿಲ್ಲುತ್ತದೆ. ಬಲ್ಲವರು ಅದನ್ನು ನೋಡಿ ಇದು ವಾಯುವಲ್ಲ, ಹೃದಯಾಘಾತವೆಂದು ಕ್ಷಣದಲ್ಲಿ ಗುರುತಿಸಬಲ್ಲರು. ರಕ್ತ ದೊರೆಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುವುದರಿಂದ ಈ ಗುರುತಿಸುವಿಕೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಈ ವಿದ್ಯುಲ್ಲೇಖವನ್ನು ಶಾಸ್ತ್ರೀಯವಾಗಿ ಬಳಕೆಗೆ ತಂದವನು ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವೆನ್. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವನು ರಚಿಸಿದ ಯಂತ್ರ ಸುಮಾರು 270 ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ನಡೆಸಲು ಐದು ಮಂದಿ ಬೇಕು. ರೋಗಿಯು ತನ್ನ ಎರಡು ಕೈ ಹಾಗೂ ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕುಳಿತುಕೊಳ್ಳಬೇಕು. ಈ ಸಾಧನೆಗಾಗಿ 1924ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮುಂದೆ ಯಂತ್ರ ಸಣ್ಣದಾಯಿತು, ಮೇಜಿನ ಮೇಲೆ ಕೂರುವಂತಾಯಿತು. ಆದರೂ ಅದು ದೊಡ್ಡ ಆಸ್ಪತ್ರೆಯ ವಸ್ತುವಾಗಿಯೇ ಉಳಿಯಿತು. ಅದಕ್ಕೆ ತಪ್ಪದೆ ಬರುವ ವಿದ್ಯುತ್ತು ಬೇಕು, ಧೂಳಿಲ್ಲದ ಕೋಣೆ ಬೇಕು, ಹತ್ತಾರು ಗುಂಡಿಗಳ ಮರ್ಮವನ್ನರಿತ ಸಿಬ್ಬಂದಿ ಬೇಕು, ಕೆಟ್ಟರೆ ಸರಿಪಡಿಸಲು ನಗರದಿಂದ ಜನ ಬರಬೇಕು. ಇವುಗಳಲ್ಲಿ ಯಾವುದೊಂದೂ ಹಳ್ಳಿಯಲ್ಲಿರಲಿಲ್ಲ.

ಅಮೆರಿಕದ ಜನರಲ್ ಇಲೆಕ್ಟ್ರಿಕ್ ಎಂಬ ಬೃಹತ್ ಸಂಸ್ಥೆ ಇಂಥ ಯಂತ್ರಗಳ ತಯಾರಿಕೆಯಲ್ಲಿ ಹೆಸರಾದುದು. ಅದು 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ತೆರೆಯಿತು. ಅದರ ಯಂತ್ರಗಳು ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಮಾರಾಟವಾಗುತ್ತಿದ್ದವು; ಆದರೆ ದೇಶದ ಬಹುಪಾಲು ಜನರಿರುವ ಹಳ್ಳಿಗಳಲ್ಲಿ ಅವುಗಳನ್ನು ಕೊಳ್ಳುವವರೇ ಇರಲಿಲ್ಲ. ಆಗ ಬೆಂಗಳೂರಿನ ಎಂಜಿನಿಯರುಗಳ ಒಂದು ಸಣ್ಣ ತಂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ದೊಡ್ಡ ಯಂತ್ರದಿಂದ ಒಂದೊಂದೇ ಭಾಗವನ್ನು ಕಿತ್ತುಹಾಕಿ ಅಗ್ಗಮಾಡುವುದು ಒಂದು ದಾರಿ. ಅವರು ಆ ದಾರಿಯನ್ನು ಹಿಡಿಯಲಿಲ್ಲ. ಹಳ್ಳಿಯ ವೈದ್ಯನಿಗೆ ನಿಜವಾಗಿ ಏನು ಬೇಕೆಂಬಲ್ಲಿಂದ ಹೊರಟರು. ಅವನು ರೋಗಿಯ ಮನೆಗೆ ಹೋಗಬೇಕಾಗುತ್ತದೆ, ಆದ್ದರಿಂದ ಯಂತ್ರ ಚೀಲದಲ್ಲಿ ಹಿಡಿಸಬೇಕು. ಕರೆಂಟು ಯಾವಾಗ ಹೋಗುವುದೆಂದು ಹೇಳಲಾಗದು, ಆದ್ದರಿಂದ ಬ್ಯಾಟರಿಯಿಂದಲೂ ನಡೆಯಬೇಕು. ಅವನ ಸಹಾಯಕ್ಕೆ ತರಬೇತಿ ಪಡೆದವರಿಲ್ಲ, ಆದ್ದರಿಂದ ಗುಂಡಿಗಳು ನಾಲ್ಕಕ್ಕಿಂತ ಹೆಚ್ಚಿರಬಾರದು.

ಎಲ್ಲಕ್ಕಿಂತ ಕಷ್ಟವಾದುದು ಮುದ್ರಣದ ಭಾಗ. ಗೆರೆಯನ್ನು ಕಾಗದದ ಮೇಲೆ ಮೂಡಿಸುವ ಮುದ್ರಕವೇ ಹಳೆಯ ಯಂತ್ರಗಳಲ್ಲಿ ಭಾರವಾದುದು, ಜಾಗವನ್ನು ನುಂಗುವಂಥದು. ಇದಕ್ಕೆ ಪರಿಹಾರ ದೊರೆತದ್ದು ಯಾವ ಪ್ರಯೋಗಶಾಲೆಯಲ್ಲಿಯೂ ಅಲ್ಲ. ನೀವು ಬಸ್ಸು ಹತ್ತಿದಾಗ ಕಂಡಕ್ಟರರು ಅಂಗೈಯಗಲದ ಯಂತ್ರದ ಗುಂಡಿಯೊತ್ತಿ ಸರ್ರನೆ ಟಿಕೇಟು ಹರಿದುಕೊಡುವುದನ್ನು ದಿನವೂ ನೋಡುತ್ತೀರಿ. ಆ ಯಂತ್ರ ಧೂಳಿನಲ್ಲಿ, ಸೆಕೆಯಲ್ಲಿ, ನೂಕುನುಗ್ಗಲಿನಲ್ಲಿ, ಕುಣಿಗಳಿಂದ ತುಂಬಿದ ರಸ್ತೆಯ ಕುಲುಕಾಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಸಾವಿರ ಸಲ ದುಡಿಯುತ್ತದೆ. ಟಿಕೇಟು ಮುದ್ರಿಸುವ ಇಂಥ ಪುಟ್ಟ ಮುದ್ರಕವನ್ನೇ ಎಂಜಿನಿಯರುಗಳು ತಮ್ಮ ಯಂತ್ರಕ್ಕೆ ಅಳವಡಿಸಿಕೊಂಡರು. ಬೇರೆ ಬಿಡಿಭಾಗಗಳನ್ನೂ ಸಾಧ್ಯವಾದಷ್ಟು ಮಾರುಕಟ್ಟೆಯಲ್ಲಿ ಸಿಗುವಂಥವನ್ನೇ ಆಯ್ದುಕೊಂಡರು. ಹೃದಯದ ಸಂಜ್ಞೆಯನ್ನು ವಿಶ್ಲೇಷಿಸುವ ಲೆಕ್ಕಾಚಾರದ ಕ್ರಮವನ್ನು ಮಾತ್ರ ಬದಲಿಸಲಿಲ್ಲ. ಅದು ಅಮೆರಿಕದಲ್ಲಿ ಹಲವು ದಶಕಗಳ ದುಡಿಮೆಯಿಂದ ಪಕ್ವವಾಗಿದ್ದ ವಿದ್ಯೆ. ದುಬಾರಿ ಯಂತ್ರದಲ್ಲಿ ಇದ್ದದ್ದೇ ಇದರಲ್ಲಿಯೂ ಇತ್ತು. ಅಗ್ಗವಾದುದು ಯಂತ್ರದ ಒಡಲು ಮಾತ್ರ.

2007ರ ಕೊನೆಯ ಭಾಗದಿಂದ ಮಾರುಕಟ್ಟೆಗೆ ಬಂದ ಈ ಯಂತ್ರಕ್ಕೆ ‘ಮ್ಯಾಕ್ 400’ ಎಂದು ಹೆಸರಾಯಿತು. ಸಾಧಾರಣ ಇ.ಸಿ.ಜಿ. ಯಂತ್ರಕ್ಕೆ 2,000 ಡಾಲರು ಬೀಳುತ್ತಿದ್ದಾಗ ಇದು ಸುಮಾರು 800 ಡಾಲರಿಗೆ ದೊರೆಯಿತು. ಒಂದು ಪರೀಕ್ಷೆಯ ವೆಚ್ಚ ಸುಮಾರು ಒಂದು ಡಾಲರಿಗೆ, ಎಂದರೆ ಅಂದಿನ ಲೆಕ್ಕದಲ್ಲಿ ನಲವತ್ತು ನಲವತ್ತೈದು ರೂಪಾಯಿಗಳಿಗೆ ಇಳಿಯಿತು. ಒಬ್ಬ ಕೃಷಿಕಾರ್ಮಿಕನಿಗೆ ಇದೂ ಸಣ್ಣ ಮೊತ್ತವಲ್ಲವೆಂಬುದನ್ನು ನಾವು ಮರೆಯಬಾರದು. ಆದರೂ ಬೆಳಗಾವಿಯವರೆಗಿನ ಜೀಪಿನ ಬಾಡಿಗೆಗಿಂತ ಅದು ಎಷ್ಟೋ ಕಡಿಮೆ.

ಇಲ್ಲಿಯವರೆಗಿನದು ಊಹಿಸಬಹುದಾದ ಸಂಗತಿ. ಮುಂದೆ ನಡೆದುದು ವಿಶೇಷವಾದುದು. 2009ರ ವೇಳೆಗೆ ಭಾರತದ ಹಳ್ಳಿಗಳಿಗಾಗಿ ಹುಟ್ಟಿದ ಈ ಬಗೆಯ ಕೈಚೀಲದ ಇ.ಸಿ.ಜಿ. ಯಂತ್ರವೂ, ಚೀನದ ಹಳ್ಳಿಗಳಿಗಾಗಿ ರೂಪುಗೊಂಡ ಅಗ್ಗದ ಅಲ್ಟ್ರಾಸೌಂಡ್ ಯಂತ್ರವೂ ಅಮೆರಿಕದಲ್ಲಿಯೇ ಮಾರಾಟಕ್ಕೆ ಬಂದವು. ಅಮೆರಿಕದವರಿಗೆ ಅವೇಕೆ ಬೇಕಾದವು? ಅಲ್ಲಿಯೂ ದೊಡ್ಡ ಆಸ್ಪತ್ರೆಯಿಂದ ದೂರವಿರುವ ಊರುಗಳಿವೆ, ಒಬ್ಬಂಟಿಯಾಗಿ ಚಿಕಿತ್ಸಾಲಯ ನಡೆಸುವ ವೈದ್ಯರಿದ್ದಾರೆ, ಅಪಘಾತ ನಡೆದ ಸ್ಥಳಕ್ಕೆ ಧಾವಿಸುವ ಆಂಬುಲೆನ್ಸ್‌ಗಳಿವೆ. ಅವರಿಗೆ ಚೀಲದಲ್ಲಿ ಹಿಡಿಸುವ ಯಂತ್ರ ಬೇಕಾಗಿತ್ತು. ಅದು ಬೇಕೆಂದು ಅಲ್ಲಿ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ; ಏಕೆಂದರೆ ದೊಡ್ಡ ಯಂತ್ರವಿರುವ ಆಸ್ಪತ್ರೆ ಹೇಗೋ ದೊರೆಯುತ್ತಿತ್ತು, ಅದರ ವೆಚ್ಚವನ್ನು ಅನೇಕ ವೇಳೆ ವಿಮಾ ಸಂಸ್ಥೆ ತೆರುತ್ತಿತ್ತು. ಬೇರೆ ದಾರಿಯೇ ಇಲ್ಲದವನು ಮಾತ್ರ ಹೊಸ ದಾರಿಯನ್ನು ಹುಡುಕುತ್ತಾನೆ. ಹುಡುಕಿಯಾದ ಮೇಲೆ ಆ ದಾರಿಯಲ್ಲಿ ಎಲ್ಲರೂ ನಡೆಯಬಹುದು.

ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾದ ವಿಜಯ್ ಗೋವಿಂದರಾಜನ್ ಅವರು ತಮ್ಮ ಸಂಗಡಿಗರೊಡನೆ 2009ರಲ್ಲಿ ಬರೆದ ಒಂದು ಲೇಖನದಲ್ಲಿ ಈ ವಿದ್ಯಮಾನಕ್ಕೆ ‘ಹಿಮ್ಮುಖ ನಾವೀನ್ಯ’ ಎಂಬ ಅರ್ಥದ ಹೆಸರನ್ನು ಬಳಸಿದರು. ಈ ಹೆಸರು ನನಗೆ ಅಷ್ಟಾಗಿ ಹಿಡಿಸದು. ಸಿರಿವಂತ ದೇಶದಿಂದ ಬಡದೇಶಕ್ಕೆ ಬರುವುದು ‘ಮುಮ್ಮುಖ’, ಇಲ್ಲಿಂದ ಅಲ್ಲಿಗೆ ಹೋಗುವುದು ‘ಹಿಮ್ಮುಖ’ ಎಂದು ಮೊದಲೇ ನಿರ್ಧರಿಸಿದಂತಾಯಿತಲ್ಲವೇ? ಕುಲಗೋಡದಲ್ಲಿ ನಿಂತು ನೋಡಿದವನಿಗೆ ಮುಂದು ಯಾವುದು, ಹಿಂದು ಯಾವುದು? ಆದರೆ ಹೆಸರು ಬಳಕೆಗೆ ಬಂದುಬಿಟ್ಟಿದೆ.

ವಿದ್ಯೆ ಈ ದಿಕ್ಕಿನಲ್ಲಿ ಚಲಿಸಿದ್ದು ಇದೇ ಮೊದಲೂ ಅಲ್ಲ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿದ್ದವು. ಕಬ್ಬಿಣವು ಸಿಡಿಮದ್ದಿನ ಹೆಚ್ಚಿನ ಒತ್ತಡವನ್ನು ತಾಳಿಕೊಳ್ಳುತ್ತಿದ್ದುದರಿಂದ ಅವು ಬಹುದೂರ ಚಿಮ್ಮುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳನ್ನು ಅಭ್ಯಸಿಸಿ ತನ್ನದೇ ರಾಕೆಟ್ಟನ್ನು ಬೆಳೆಸಿದನು. 1807ರಲ್ಲಿ ಅದು ಕೋಪನ್‌ಹೇಗನ್ ನಗರದ ಮೇಲೆ ಬೆಂಕಿಯಾಗಿ ಸುರಿಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟಿನ ಕೊಳವೆಗಳು ದೊರೆತುವು. ಆದರೆ ಅಂದಿನ ಮೈಸೂರು ಬಡರಾಜ್ಯವೇನೂ ಆಗಿರಲಿಲ್ಲ, ಆ ಪಯಣವೂ ಯುದ್ಧದ ಲೂಟಿಯ ಜೊತೆಗೆ ನಡೆದುದು. ನಮ್ಮ ಪ್ರಸ್ತುತ ವಿಷಯಕ್ಕೆ ಅದು ದೂರದ ನೆಂಟ ಮಾತ್ರ.

ಹತ್ತಿರದ ಉದಾಹರಣೆ ಬೆಂಗಳೂರಿನಲ್ಲಿಯೇ ಇನ್ನೊಂದಿದೆ. ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ ಹುಟ್ಟಿದ ಡಾ. ದೇವಿಪ್ರಸಾದ ಶೆಟ್ಟಿಯವರು ಈ ಶತಮಾನದ ಆರಂಭದಲ್ಲಿ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯವನ್ನು ತೆರೆದರು. ಹೃದಯದ ಶಸ್ತ್ರಚಿಕಿತ್ಸೆಯ ವೆಚ್ಚ ತಗ್ಗಬೇಕಾದರೆ ಅದರ ಸಂಖ್ಯೆ ಹೆಚ್ಚಬೇಕೆಂಬುದು ಅವರ ಲೆಕ್ಕ. ಶಸ್ತ್ರಚಿಕಿತ್ಸೆಯ ಕೋಣೆ ದಿನವಿಡೀ ದುಡಿಯಬೇಕು, ನುರಿತ ಶಸ್ತ್ರವೈದ್ಯನು ಬೇರೆಯವರಿಂದಾಗದ ಕೆಲಸವನ್ನು ಮಾತ್ರ ಮಾಡಬೇಕು, ಔಷಧ ಸಾಮಗ್ರಿಗಳನ್ನು ಸಗಟಾಗಿ ಕೊಳ್ಳಬೇಕು. 2003ರಲ್ಲಿ ಕರ್ನಾಟಕದ ಸಹಕಾರಿ ಸಂಘಗಳ ರೈತರಿಗಾಗಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಹಿಂದೆಯೂ ಅವರ ಪ್ರೇರಣೆಯಿತ್ತು. ಆರಂಭದಲ್ಲಿ ಒಬ್ಬ ರೈತ ತಿಂಗಳಿಗೆ ಐದು ರೂಪಾಯಿಯಂತೆ ಕಟ್ಟಿದರೆ ಸಾಕಾಗಿತ್ತು. ಈ ಕ್ರಮವನ್ನೇ ಹೊತ್ತು ಆ ಸಂಸ್ಥೆ 2014ರಲ್ಲಿ ಅಮೆರಿಕಕ್ಕೆ ಸಮೀಪದ ಕೇಮನ್ ದ್ವೀಪದಲ್ಲಿ ಆಸ್ಪತ್ರೆಯನ್ನು ತೆರೆಯಿತು. ಕೇಮನ್ ದ್ವೀಪಗಳು ಬಡನಾಡಲ್ಲ; ಹಣವಂತರ ಬೀಡೆಂದೇ ಹೆಸರಾದವು. ರೈತನ ಐದು ರೂಪಾಯಿಯ ಸುತ್ತ ಬೆಳೆದ ಲೆಕ್ಕಾಚಾರಕ್ಕೆ ಡಾಲರುಗಳ ನಾಡಿನಲ್ಲಿಯೂ ಗಿರಾಕಿಗಳು ದೊರೆತರು.

ಇಷ್ಟಾದರೂ ಯಂತ್ರವಾಗಲಿ ಆಸ್ಪತ್ರೆಯಾಗಲಿ ಮಾರುಕಟ್ಟೆಯ ಮಾತು. ಬೆಂಗಳೂರಿನ ಬುದ್ಧಿಯಿಂದ ಹುಟ್ಟಿದ ಯಂತ್ರದ ಲಾಭ ಅಮೆರಿಕದ ಸಂಸ್ಥೆಯ ಖಾತೆಗೆ ಸೇರಿತು ಎಂಬ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಯಾರ ಒಡೆತನವೂ ಇಲ್ಲದೆ ಬಡವರ ನಾಡಿನಿಂದ ಜಗತ್ತಿಗೆಲ್ಲ ಹೋದ ವಸ್ತು ಒಂದಿದೆ. ಅದನ್ನು ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿ ನೀವು ಕಂಡಿರಬೇಕು. ಉಪ್ಪು ಸಕ್ಕರೆಯ ಆ ಪೊಟ್ಟಣಕ್ಕೆ ಓ.ಆರ್.ಎಸ್. ಎಂದು ಹೆಸರು.

ವಾಂತಿಭೇದಿಯಾದಾಗ ಮನುಷ್ಯ ಸಾಯುವುದು ಮುಖ್ಯವಾಗಿ ಮೈಯ ನೀರು ಮತ್ತು ಲವಣಗಳು ಸೋರಿಹೋಗುವುದರಿಂದ. ನಮ್ಮ ಹಳ್ಳಿಗಳಲ್ಲಿ ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬ ನಂಬಿಕೆಯಿತ್ತು. ಕುಡಿಸಿದಷ್ಟೂ ಹೋಗುತ್ತದೆಯೆಂದು ಬಾಯಾರಿದ ಮಗುವನ್ನು ಹಾಗೆಯೇ ಮಲಗಿಸುತ್ತಿದ್ದರು. ಆಸ್ಪತ್ರೆಯಲ್ಲಾದರೆ ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲೈನ್ ಏರಿಸುತ್ತಿದ್ದರು. ಅದಕ್ಕೆ ಶುದ್ಧವಾದ ಬಾಟಲಿಗಳು, ಸೂಜಿಗಳು, ನುರಿತ ಕೈಗಳು ಬೇಕು. ಬರಿಯ ಉಪ್ಪುನೀರನ್ನು ಕುಡಿದರೆ ಭೇದಿಯಾದ ಕರುಳು ಅದನ್ನು ಹೀರಿಕೊಳ್ಳದು. ಆದರೆ ಉಪ್ಪಿನ ಜೊತೆಗೆ ತಕ್ಕ ಪ್ರಮಾಣದಲ್ಲಿ ಗ್ಲೂಕೋಸ್ ಇದ್ದರೆ, ಎರಡೂ ಕೂಡಿಯೇ ಕರುಳಿನ ಗೋಡೆಯನ್ನು ದಾಟುತ್ತವೆ, ನೀರು ಅವುಗಳ ಬೆನ್ನು ಹತ್ತಿ ಒಳಕ್ಕೆ ಬರುತ್ತದೆ. ಈ ರಹಸ್ಯವನ್ನು 1960ರ ಸುಮಾರಿಗೆ ಪಾಶ್ಚಾತ್ಯ ವಿಜ್ಞಾನಿಗಳು ಬಿಡಿಸಿದರು. ಕಲಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ಅದಕ್ಕೂ ಮೊದಲೇ, 1953ರಲ್ಲಿ, ಬಾಯಿಯ ಮೂಲಕ ಚಿಕಿತ್ಸೆ ನೀಡಿ ಗುಣಪಡಿಸಿದ್ದನ್ನು ಪ್ರಕಟಿಸಿದ್ದರು. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಶಾಲೆಯಲ್ಲಿ ಇದು ಶಾಸ್ತ್ರೀಯವಾಗಿ ಸಿದ್ಧಪಟ್ಟಿತು. ಹೀಗಾಗಿ ಈ ಮದ್ದಿನ ಹುಟ್ಟಿನಲ್ಲಿ ಅನೇಕ ನಾಡುಗಳ ಪಾಲಿದೆ. ಆದರೂ ನುರಿತವರ ಕಣ್ಣೆದುರಿಗೆ ಆಸ್ಪತ್ರೆಯೊಳಗೆ ನಡೆದದ್ದು ಬಯಲಿನಲ್ಲಿ ನಡೆದೀತೆಂದು ಯಾರಿಗೂ ಧೈರ್ಯವಿರಲಿಲ್ಲ.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ತಪ್ಪಿಸಿಕೊಂಡು ಲಕ್ಷ ಲಕ್ಷ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವ್ ಎಂಬಲ್ಲಿನ ಆಸ್ಪತ್ರೆಗೆ ಕಳುಹಿಸಲ್ಪಟ್ಟ ಡಾ. ದಿಲೀಪ್ ಮಹಲನಬೀಸರು ಕಂಡದ್ದು ನೆಲದ ತುಂಬ ಮಲಗಿದ್ದ ರೋಗಿಗಳನ್ನು. ಅವರಿಗೆ ಸೂಜಿ ಚುಚ್ಚಬೇಕಾದರೆ ವಾಂತಿಭೇದಿಯ ನಡುವೆಯೇ ಮಂಡಿಯೂರಬೇಕಾಗಿತ್ತು. ಕೆಲವೇ ದಿನಗಳಲ್ಲಿ ಸಲೈನ್ ಮುಗಿಯುತ್ತ ಬಂದಿತು. ಮಹಲನಬೀಸರು ನಿರ್ಧಾರವೊಂದನ್ನು ಕೈಗೊಂಡರು. ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆಯ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲಕತ್ತೆಯಲ್ಲಿ ಇವನ್ನು ತೂಗಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಬಿಸಿ ಇಸ್ತ್ರಿಯಿಂದ ಬಾಯಿ ಮುಚ್ಚಿ, ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಪೀಪಾಯಿಗಳಲ್ಲಿ ನೀರಿನೊಡನೆ ಕಲಸಿಟ್ಟರು. ರೋಗಿಯ ತಾಯಿಯೋ ತಂಗಿಯೋ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿಸಬೇಕು. ಸಲೈನ್ ಎಂದರೆ ಜನಕ್ಕೆ ನಂಬಿಕೆಯೆಂದು ಇದಕ್ಕೂ ಅವರು ‘ಬಾಯಿಯ ಸಲೈನ್’ ಎಂದೇ ಹೆಸರಿಟ್ಟರು. ಆ ಮೊದಲು ನೂರಕ್ಕೆ ಮೂವತ್ತರವರೆಗೂ ಏರಿದ್ದ ಸಾವಿನ ಪ್ರಮಾಣ ಅವರು ನೋಡಿಕೊಂಡ ಸಾವಿರಾರು ರೋಗಿಗಳಲ್ಲಿ ಸುಮಾರು 3.6ಕ್ಕೆ ಇಳಿಯಿತು.

ಜಗತ್ತು ಇದನ್ನು ತಕ್ಷಣ ಒಪ್ಪಿತೆಂದು ತಿಳಿಯಬೇಡಿ. ಅವರ ವರದಿ ಅಚ್ಚಾಗಲು 1973ರವರೆಗೆ ಕಾಯಬೇಕಾಯಿತು. ಇಷ್ಟು ಸರಳವಾದುದು ಔಷಧವಾದೀತೆ ಎಂಬ ಅನುಮಾನ ದೊಡ್ಡ ವಿದ್ವಾಂಸರನ್ನೂ ಬಿಡಲಿಲ್ಲ. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲದಿಂದ ಇದನ್ನು ಮಾಡಿಕೊಳ್ಳುವುದನ್ನು ಒಂದು ಕೋಟಿಗೂ ಹೆಚ್ಚು ಕುಟುಂಬಗಳಿಗೆ ಕಲಿಸಿದರು. ಇತ್ತ ಅಮೆರಿಕದಲ್ಲಿ ನಾರ್ಬರ್ಟ್ ಹರ್ಷ್‌ಹಾರ್ನ್ ಎಂಬ ವೈದ್ಯರು ಢಾಕಾದಲ್ಲಿ ಕಲಿತದ್ದನ್ನು 1970ರ ದಶಕದ ಆರಂಭದಲ್ಲಿ ಅರಿಜೋನಾದ ಅಪಾಚೆ ಬುಡಕಟ್ಟಿನ ಮಕ್ಕಳಲ್ಲಿ ಬಳಸಿದರು. ಸಿರಿವಂತ ದೇಶವನ್ನು ಪ್ರವೇಶಿಸಿದಾಗಲೂ ಅದು ಮೊದಲು ಹೊಕ್ಕದ್ದು ಆ ದೇಶದ ಬಡವರ ಬಾಗಿಲನ್ನೇ ಎಂಬುದನ್ನು ಗಮನಿಸಿರಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ಬಾಯಿಯ ಮೂಲಕ ನೀರುಣಿಸುವ ಈ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು 1985ರಲ್ಲಿ. ಅನಂತರವೂ ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ, ಲೋಟದಿಂದ ಗುಣವಾಗಬಹುದಾದ ಮಗುವಿಗೆ ಸೂಜಿಯನ್ನೇ ಚುಚ್ಚುವ ರೂಢಿ ನಡೆದುಬಂದಿತು. ಕುಡಿಸಲು ತಾಳ್ಮೆ ಬೇಕು. ಚುಚ್ಚಲು ಬೇಕಾದ ಸಲಕರಣೆ ಅಲ್ಲಿ ಕೈಗೆಟುಕುವಲ್ಲಿಯೇ ಇತ್ತು.

ಮಹಲನಬೀಸರು 2022ರಲ್ಲಿ ತೀರಿಕೊಂಡರು. ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ನೀಡಿದ್ದು ಮರುವರ್ಷ, ಮರಣೋತ್ತರವಾಗಿ. ಆ ದ್ರವಕ್ಕೆ ಅವರು ಹಕ್ಕುಸ್ವಾಮ್ಯವನ್ನು ಪಡೆದಿರಲಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ ಸಂತ್ರಸ್ತರ ಕೇಂದ್ರವೊಂದಕ್ಕೆ ನಾನು ಹೋಗಿದ್ದೆ. ಒಬ್ಬ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಮಚದಿಂದ ಆ ನೀರನ್ನು ಕುಡಿಸುತ್ತಿದ್ದಳು. ಅವಳಿಗೆ ಬನಗಾಂವ್ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಕೊನೆಯದಾಗಿ ಎದೆನೋವಿನ ಮಾತಿಗೇ ಬರುತ್ತೇನೆ. ಈಗ ಕುಲಗೋಡ ಮೂಡಲಗಿ ತಾಲೂಕಿಗೆ ಸೇರಿದೆ. 2024ರಲ್ಲಿ ಕರ್ನಾಟಕ ಸರ್ಕಾರ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಹೃದಯ ಜ್ಯೋತಿ ಎಂಬ ಯೋಜನೆಯನ್ನು ಆರಂಭಿಸಿತು. ಇದಕ್ಕೆ ಒಳಪಟ್ಟ ತಾಲೂಕು ಆಸ್ಪತ್ರೆಗೆ ಎದೆನೋವಿನಿಂದ ಬಂದವರ ಇ.ಸಿ.ಜಿ. ತೆಗೆದು ದೂರದ ಹೃದಯತಜ್ಞರಿಗೆ ಕ್ಷಣಮಾತ್ರದಲ್ಲಿ ಕಳುಹಿಸುತ್ತಾರೆ. ಹೃದಯಾಘಾತವೆಂದು ಅವರು ಹೇಳಿದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ.

ಕಳೆದ ವರ್ಷ ನನಗೂ ಎದೆಯಲ್ಲಿ ಸ್ವಲ್ಪ ಬಿಗಿತ ಕಾಣಿಸಿತು. ಮನೆಯವರು ಗಾಬರಿಯಾದರು, ನಮ್ಮ ಮನೆತನದಲ್ಲಿ ಆ ಗಾಬರಿಗೆ ಕಾರಣವಿದೆ. ಬಸ್ಸಿನಲ್ಲಿ ಗೋಕಾಕಕ್ಕೆ ಹೋದೆ. ಸಣ್ಣ ಚಿಕಿತ್ಸಾಲಯವೊಂದರಲ್ಲಿ ನರ್ಸಮ್ಮ ಕೈಕಾಲುಗಳಿಗೆ ನಾಲ್ಕು, ಎದೆಯ ಮೇಲೆ ಆರು ತಂತಿಗಳನ್ನು ಜೋಡಿಸಿ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರದ ಗುಂಡಿಯೊತ್ತಿದಳು. ಸರ್ರನೆ ಕಾಗದದ ಪಟ್ಟಿ ಹೊರಬಂದಿತು. ವೈದ್ಯರು ಅದನ್ನು ಬೆಳಕಿಗೆ ಹಿಡಿದು, “ಏನೂ ತೊಂದರಿ ಇಲ್ರಿ ಸರ್, ಇದು ಬರೇ ವಾಯು” ಎಂದರು. ನಾನು ನಕ್ಕದ್ದೇಕೆಂದು ಆ ತರುಣರಿಗೆ ತಿಳಿಯಲಿಲ್ಲ. ಪಟ್ಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಡಹೋದಾಗ ಬೆಳಗಿನ ಬಸ್ಸಿನ ಟಿಕೇಟು ಅಲ್ಲಿಯೇ ಇತ್ತು. ಮುಟ್ಟಿ ನೋಡಿದೆ, ಎರಡೂ ಒಂದೇ ಬಗೆಯ ನುಣುಪಾದ ಕಾಗದ. “ಇದರ ಜೆರಾಕ್ಸ್ ಮಾಡಿಸಿ ಇಟಗೋರಿ ಸರ್, ಒಂದೆರಡು ವರ್ಷದಾಗ ಅಕ್ಷರ ಅಳಿಸಿ ಹೋಗತಾವ” ಎಂದು ನರ್ಸಮ್ಮ ಹಿಂದಿನಿಂದ ಕೂಗಿ ಹೇಳಿದಳು.